ಐವತ್ನಾಲ್ಕು ಮಣಿಗಳ ಬಾವುಟ

ಆಗಸ್ಟ್ ತಿಂಗಳು ಶುರುವಾಯಿತೆಂದರೆ ಶಿರಸಿ ಪೇಟೆಯ ಫ್ಯಾನ್ಸಿ ಅಂಗಡಿಗಳ ಬಾಗಿಲಲ್ಲಿ ಮೂರು ಬಣ್ಣ ತೂಗಲಾರಂಭಿಸುತ್ತದೆ. ಕೈಬಳೆ, ತಲೆಗೆ ಕಟ್ಟುವ ರಿಬ್ಬನ್ನು, ಎದೆಗೆ ಚುಚ್ಚಿಕೊಳ್ಳುವ ಬ್ಯಾಜು, ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸುವ ಪುಟ್ಟ ಬಾವುಟ, ಎಲ್ಲವೂ ಕೇಸರಿ, ಬಿಳಿ, ಹಸಿರು. ಹೊರಗೆ ಮಳೆ ಹೊಯ್ಯುತ್ತಲೇ ಇರುತ್ತದೆ. ಹದಿನೈದರ ಬೆಳಿಗ್ಗೆ ಮಕ್ಕಳು ಕೊಡೆ ಹಿಡಿದು ಪ್ರಭಾತಫೇರಿ ಹೊರಡುತ್ತಾರೆ, ಧ್ವಜವಂದನೆ ಮಾಡುತ್ತಾರೆ, ಪೆಪ್ಪರ್‌ಮೆಂಟು ತಿನ್ನುತ್ತಾ ಮನೆಗೆ ಬರುತ್ತಾರೆ. ಹದಿನಾರರಂದು ನೋಡಿದರೆ ಅಂಥ ಎಷ್ಟೋ ಬ್ಯಾಜುಗಳು ಶಾಲೆಯ ದಾರಿಯ ಕೆಸರಿನಲ್ಲಿ ಬಿದ್ದಿರುತ್ತವೆ. ಎದೆಯ ಮೇಲಿದ್ದದ್ದು ಒಂದೇ ದಿನದಲ್ಲಿ ಕಾಲಡಿಗೆ.

ಕೊಂಡು ತಂದದ್ದನ್ನು ಮಕ್ಕಳು ಸುಲಭವಾಗಿ ಬಿಸಾಡುತ್ತಾರೆ. ತಾವೇ ಮಾಡಿದ್ದನ್ನು ಬಿಸಾಡುವುದು ಕಷ್ಟ. ಹೀಗಾಗಿ ಕೆಲವು ಶಾಲೆ, ಮನೆಗಳಲ್ಲಿ ಮಕ್ಕಳ ಕೈಯಿಂದಲೇ ಇಂಥ ಒಡವೆಗಳನ್ನು ಮಾಡಿಸುವುದುಂಟು. ಅವುಗಳಲ್ಲಿ ತೀರ ಸರಳವಾದದ್ದು ಸೇಫ್ಟಿ ಪಿನ್ನಿಗೆ ಮಣಿ ಪೋಣಿಸಿ ಮಾಡುವ ತ್ರಿವರ್ಣದ ಪದಕ. ಬೇಕಾಗುವುದು ಒಂದು ದೊಡ್ಡ ಪಿನ್ನು, ಒಂದಷ್ಟು ಸಣ್ಣ ಪಿನ್ನು, ನಾಲ್ಕು ಬಣ್ಣದ ಗಾಜಿನ ಮಣಿ, ಒಂದು ಗಂಟೆಯ ಹೊತ್ತು. ಈ ಬರಹ ಆ ಕೈಕೆಲಸದ ಬಗ್ಗೆ. ಆದರೆ ಮಾಡುವ ವಿಧಾನ ಅರ್ಧ ಪುಟದಲ್ಲಿ ಮುಗಿಯುತ್ತದೆ. ಆ ಪಿನ್ನು, ಆ ಮಣಿ, ಆ ಬಣ್ಣ ಎಲ್ಲಿಂದ ಬಂದವು ಎಂದು ಮಗು ಕೇಳಿದರೆ ಹೇಳಬೇಕಾದ ಕಥೆ ಮಾತ್ರ ದೊಡ್ಡದು. ನಮ್ಮ ಶಿರಸಿ, ಸಿದ್ದಾಪುರದ ಮಟ್ಟಿಗೆ ಅದು ಸ್ವಲ್ಪ ಭಾರವಾದ ಕಥೆಯೂ ಹೌದು.

ಲೆಕ್ಕ ಮತ್ತು ಕೆಲಸ

ಮೊದಲು ಲೆಕ್ಕ. ನಮ್ಮ ಧ್ವಜದ ಉದ್ದ ಮತ್ತು ಎತ್ತರ 3:2ರ ಪ್ರಮಾಣದಲ್ಲಿರಬೇಕು. 9 ಸಣ್ಣ ಪಿನ್ನುಗಳನ್ನು ತೆಗೆದುಕೊಂಡು ಒಂದೊಂದಕ್ಕೆ 6 ಮಣಿ ಪೋಣಿಸಿದರೆ 9:6, ಅಂದರೆ 3:2. ಒಟ್ಟು 54 ಮಣಿ. ಜಪಮಾಲೆಯ ನೂರೆಂಟರಲ್ಲಿ ಸರಿಯಾಗಿ ಅರ್ಧ. ಅದರಲ್ಲಿ ಕೇಸರಿ 18, ಹಸಿರು 18, ಬಿಳಿ 16. ನಡುವಿನ ಐದನೇ ಪಿನ್ನಿನ ಬಿಳಿಯ ಜಾಗದಲ್ಲಿ 2 ಕಡುನೀಲಿ ಮಣಿ. ಇಷ್ಟನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಿದರೆ ಗಣಿತದ ಒಂದು ಪಾಠವೂ ಮುಗಿಯುತ್ತದೆ.

ಸಣ್ಣ ಪಿನ್ನು ಬಿಚ್ಚಿ ಮೊನೆಯ ಕಡೆಯಿಂದ ಮಣಿ ಪೋಣಿಸಬೇಕು. ಪದಕದಲ್ಲಿ ಈ ಪಿನ್ನುಗಳು ಸುರುಳಿಯ ಕಡೆಯಿಂದ ನೇತಾಡುವುದರಿಂದ ಮೊದಲು ಹೋದ ಮಣಿ ಮೇಲೆ ಬರುತ್ತದೆ. ಆದ್ದರಿಂದ ಮೊದಲು 2 ಕೇಸರಿ, ಆಮೇಲೆ 2 ಬಿಳಿ, ಕೊನೆಗೆ 2 ಹಸಿರು. ಈ ಕ್ರಮ ತಪ್ಪಿದರೆ ಬಾವುಟ ತಲೆಕೆಳಗಾಗುತ್ತದೆ. ಪೋಣಿಸಿದ ಮೇಲೆ ಪಿನ್ನು ಮುಚ್ಚಿ, ಕೊಪ್ಪರಿಕೆಯನ್ನು ಇಕ್ಕಳದಿಂದ ಮೆಲ್ಲಗೆ ಒತ್ತಬೇಕು. ಆಗ ಅದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಒಂಬತ್ತೂ ತಯಾರಾದ ಮೇಲೆ ಅವುಗಳ ಸುರುಳಿಯ ತೂತಿನ ಮೂಲಕ ದೊಡ್ಡ ಪಿನ್ನನ್ನು ಹಾಯಿಸಿ, ದೊಡ್ಡ ಪಿನ್ನಿನ ಸುರುಳಿಯನ್ನು ಸ್ವಲ್ಪವೇ ಅಗಲಿಸಿ, ಒಂದೊಂದನ್ನಾಗಿ ಆಚೆ ಬದಿಯ ಕಡ್ಡಿಗೆ ದಾಟಿಸಬೇಕು. ಆಗ ಮೊನೆಯಿರುವ ಕಡ್ಡಿ ಅಂಗಿಗೆ ಚುಚ್ಚಲು ಖಾಲಿ ಉಳಿಯುತ್ತದೆ. ಈ ದಾಟಿಸುವ ಕೆಲಸ ಮತ್ತು ಇಕ್ಕಳದ ಕೆಲಸ ದೊಡ್ಡವರದ್ದು. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳನ್ನು ಮಣಿಯ ತಟ್ಟೆಯಿಂದ ದೂರ ಕೂರಿಸಬೇಕು.

ನಮ್ಮ ಮಳೆಗಾಲಕ್ಕೆ ಒಂದು ಕಿವಿಮಾತು: ಸಾದಾ ಪಿನ್ನು ಒದ್ದೆಯಾದರೆ ತುಕ್ಕು ಹಿಡಿದು ಬಿಳಿ ಅಂಗಿಯ ಮೇಲೆ ಹೋಗದ ಕಲೆ ಬಿಡುತ್ತದೆ. ಹಿತ್ತಾಳೆಯದ್ದು ಅಥವಾ ಸ್ಟೀಲಿನದ್ದು ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಧ್ವಜವಂದನೆ ಮುಗಿದ ಕೂಡಲೇ ತೆಗೆದು ಒರೆಸಿ ಡಬ್ಬಿಯಲ್ಲಿ ಇಡಿ.

ಪಿನ್ನಿನ ಕಥೆ

ಈ ಪಿನ್ನು ನಮ್ಮ ಮನೆಗಳಿಗೆ ಹೊಸದಲ್ಲ. ನಮ್ಮ ಅಮ್ಮಂದಿರ, ಅಜ್ಜಿಯರ ಕೈಬಳೆಯಲ್ಲೋ ಕರಿಮಣಿ ಸರದಲ್ಲೋ ಎರಡು ಮೂರು ಪಿನ್ನು ಯಾವಾಗಲೂ ತೂಗುತ್ತಿರುತ್ತವೆ. ಸೆರಗು ಜಾರಿದರೆ ಪಿನ್ನು, ಚಪ್ಪಲಿಯ ಉಂಗುಷ್ಠ ಕಿತ್ತರೆ ಪಿನ್ನು, ಲಂಗದ ಲಾಡಿ ಒಳಗೆ ಸೇರಿಕೊಂಡರೆ ಎಳೆದು ತೆಗೆಯಲು ಪಿನ್ನು, ತೋಟದಲ್ಲಿ ಕಾಲಿಗೆ ಮುಳ್ಳು ಹೊಕ್ಕರೆ ಬಿಡಿಸಲು ಅದೇ ಪಿನ್ನು. ಬಂಗಾರದ ಪಕ್ಕದಲ್ಲೇ ತೂಗುವ ಈ ಉಕ್ಕಿನ ತುಂಡನ್ನು ಯಾರೂ ಒಡವೆ ಎಂದು ಕರೆಯಲಿಲ್ಲ. ಆದರೆ ದಿನಕ್ಕೆ ಹತ್ತು ಸಲ ಉಪಯೋಗಕ್ಕೆ ಬಂದದ್ದು ಅದೇ.

ಇದನ್ನು ಈಗಿನ ರೂಪಕ್ಕೆ ತಂದವರು ನ್ಯೂಯಾರ್ಕಿನ ವಾಲ್ಟರ್ ಹಂಟ್. 15 ಡಾಲರ್ ಸಾಲ ತೀರಿಸಬೇಕಾಗಿ ಬಂದಾಗ ತಂತಿಯೊಂದನ್ನು ಬಗ್ಗಿಸುತ್ತಾ ಕುಳಿತವರಿಗೆ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. 1849ರ ಏಪ್ರಿಲ್ 10ರಂದು ಪೇಟೆಂಟ್ ಸಿಕ್ಕಿತು. ಅದನ್ನು 400 ಡಾಲರಿಗೆ ಮಾರಿಬಿಟ್ಟರು. ಒಂದು ತುದಿಯಲ್ಲಿ ಸ್ಪ್ರಿಂಗಿನಂಥ ಸುರುಳಿ, ಇನ್ನೊಂದು ತುದಿಯಲ್ಲಿ ಮೊನೆಯನ್ನು ಮುಚ್ಚಿಡುವ ಕೊಪ್ಪರಿಕೆ. ಚುಚ್ಚುವ ವಸ್ತುವೊಂದು ಚುಚ್ಚದ ಹಾಗೆ ಇರಬಲ್ಲದು ಎಂಬುದೇ ಅದರ ಜಾಣತನ.

ಎದೆಗೆ ಚುಚ್ಚಿಕೊಂಡ ಸಣ್ಣ ವಸ್ತುವಿನಿಂದ ಮನಸ್ಸಿನ ಮಾತನ್ನು ಹೇಳುವ ರೂಢಿ ಹಲವು ದೇಶಗಳಲ್ಲಿ ಬೆಳೆದಿದೆ. 1940ರಲ್ಲಿ ನಾಜಿಗಳು ನಾರ್ವೆಯನ್ನು ಆಕ್ರಮಿಸಿದಾಗ ಅಲ್ಲಿನ ವಿದ್ಯಾರ್ಥಿಗಳು ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ಕೋಟಿಗೆ ಸಿಕ್ಕಿಸಿಕೊಂಡರು. ನಾವೆಲ್ಲ ಒಟ್ಟಿಗೆ ಇದ್ದೇವೆ ಎಂಬುದು ಅದರ ಅರ್ಥ. ಅಮೆರಿಕದಲ್ಲಿ 1980ರ ದಶಕದಲ್ಲಿ ಮಕ್ಕಳು ಮಣಿ ಪೋಣಿಸಿದ ಪಿನ್ನುಗಳನ್ನು ಗೆಳೆತನದ ಗುರುತಾಗಿ ಹಂಚಿಕೊಂಡು ಬೂಟಿನ ದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅದೇ ಕೈಕೆಲಸ ಕೆಂಪು, ಬಿಳಿ, ನೀಲಿ ಮಣಿಗಳ ಬಾವುಟವಾಗಿ ಅಲ್ಲಿನ ಶಾಲೆಗಳಲ್ಲಿ, ಚರ್ಚುಗಳಲ್ಲಿ ಹಬ್ಬಿತು. ದೇಶಕ್ಕೆ ಪೆಟ್ಟು ಬಿದ್ದಾಗ ಮಕ್ಕಳ ಕೈಗೆ ಏನಾದರೊಂದು ಕೆಲಸ ಕೊಡಬೇಕು ಎಂದು ದೊಡ್ಡವರಿಗೆ ಅನ್ನಿಸುತ್ತದೆ.

ನಮ್ಮಲ್ಲೂ ಅಂಥದ್ದೊಂದು ರೂಢಿ ಇದೆ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ. ಸೈನಿಕರ, ಮಾಜಿ ಸೈನಿಕರ ಕುಟುಂಬಗಳ ನೆರವಿಗೆಂದು ಹಣ ಕೊಟ್ಟವರಿಗೆ ಪುಟ್ಟದೊಂದು ಧ್ವಜ ಕೊಡುತ್ತಾರೆ. ಶಾಲೆಯಲ್ಲಿ ಅದನ್ನು ಗುಂಡುಸೂಜಿಯಿಂದ ಅಂಗಿಗೆ ಚುಚ್ಚಿಕೊಂಡವರು ಈಗಲೂ ನಮ್ಮ ನಡುವೆ ಬಹಳ ಜನ ಇದ್ದಾರೆ.

ಮಣಿಯ ಕಥೆ

ಇನ್ನು ಮಣಿ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಈ ಗಾಜಿನ ಮಣಿಗಳ ದೊಡ್ಡ ವ್ಯಾಪಾರ ಒಂದು ಕಾಲಕ್ಕೆ ವೆನಿಸ್‌ನವರದ್ದು, ಆಮೇಲೆ ಈಗಿನ ಚೆಕ್ ದೇಶದಲ್ಲಿರುವ ಬೊಹೀಮಿಯದವರದ್ದು. ಗಾಜಿನ ಬಳೆ, ಮಣಿಗಳು ಹಡಗು ಹತ್ತಿ ಮುಂಬಯಿಗೆ ಬಂದು ಅಲ್ಲಿಂದ ಊರೂರ ಜಾತ್ರೆಗೆ ಹರಡುತ್ತಿದ್ದವು. 1905ರ ಸ್ವದೇಶಿ ಚಳವಳಿಯ ಕಾಲದಲ್ಲಿ ಬಂಗಾಳದ ಹೆಂಗಸರಿಗೆ ವಿದೇಶಿ ಬಳೆ ಒಡೆದುಹಾಕಿ ಎಂದು ಕರೆ ಕೊಟ್ಟದ್ದು ಇದೇ ಕಾರಣಕ್ಕೆ. ಮೊದಲ ಮಹಾಯುದ್ಧದಿಂದಾಗಿ ಯುರೋಪಿನ ಗಾಜು ಬರುವುದು ನಿಂತಾಗ ಉತ್ತರ ಪ್ರದೇಶದ ಫಿರೋಜಾಬಾದಿನ ಬಳೆಗೆ ಬೇಡಿಕೆ ಏರಿತು. ಇವತ್ತು ಅದೇ ರಾಜ್ಯದ ಪುರ್ದಿಲ್‌ನಗರ ಗಾಜಿನ ಮಣಿಗಳಿಗೆ ಹೆಸರಾದ ಊರು. ನಮ್ಮ ಪಕ್ಕದ ಆಂಧ್ರದ ಪಾಪನಾಯ್ಡುಪೇಟೆಯಲ್ಲಿ ಕುಲುಮೆಯ ಗಾಜನ್ನು ಉದ್ದನೆಯ ಕೊಳವೆಯಾಗಿ ಎಳೆದು, ಕತ್ತರಿಸಿ ಮಣಿ ಮಾಡುವ ಹಳೆಯ ವಿದ್ಯೆ ಉಳಿದುಬಂದಿತ್ತು.

ಉತ್ತರ ಕನ್ನಡದಲ್ಲಿ ಮಣಿ ಎಂದ ಕೂಡಲೇ ನೆನಪಾಗುವವರು ಘಟ್ಟದ ಕೆಳಗಿನ ಹಾಲಕ್ಕಿ ಒಕ್ಕಲಿಗ ಹೆಂಗಸರು. ಕೊರಳಿನಿಂದ ಎದೆಯವರೆಗೆ ಒತ್ತೊತ್ತಾಗಿ ಇಳಿಯುವ ಕರಿಮಣಿ, ಬಣ್ಣದ ಮಣಿಗಳ ಸರಗಳು ಅವರ ಗುರುತು. ಅಂಕೋಲಾ ತಾಲೂಕಿನ ತುಳಸಿ ಗೌಡರು 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಇದೇ ಉಡುಗೆಯಲ್ಲಿ, ಇದೇ ಮಣಿಸರ ತೊಟ್ಟು, ಬರಿಗಾಲಿನಲ್ಲಿ. ಬಾಳೆಲ್ಲ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸಿದ ಹೆಂಗಸು ಅವರು. ಅವರಿಗಿಂತ ಮೊದಲು, 2017ರಲ್ಲಿ, ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ಅದೇ ಗೌರವ ಸಂದಿತ್ತು. ದೇಶಾಭಿಮಾನದ ಮಣಿ ಎಂಬುದಕ್ಕೆ ಒಂದು ಚಿತ್ರ ಬೇಕಿದ್ದರೆ ಮಕ್ಕಳಿಗೆ ತುಳಸಜ್ಜಿಯ ಆ ಫೋಟೋ ತೋರಿಸಬಹುದು. ಆ ಮಣಿಗಳಲ್ಲಿ ತ್ರಿವರ್ಣ ಇರಲಿಲ್ಲ. ಆದರೂ ಅದನ್ನು ನೋಡಿದ ದೇಶ ಎದ್ದು ಚಪ್ಪಾಳೆ ತಟ್ಟಿತು.

ಬಣ್ಣದ ಕಥೆ

ಮಣಿ ಪೋಣಿಸುವಾಗ ಯಾವುದಾದರೂ ಒಂದು ಮಗು ಕೇಳಿಯೇ ಕೇಳುತ್ತದೆ: ಇದರಲ್ಲಿ ನಮ್ಮ ಬಣ್ಣ ಯಾವುದು? ಈ ಪ್ರಶ್ನೆ ಮಕ್ಕಳದ್ದಷ್ಟೇ ಆಗಿರಲಿಲ್ಲ. 1921ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಪಿಂಗಳಿ ವೆಂಕಯ್ಯ ಗಾಂಧೀಜಿಗೆ ಧ್ವಜದ ಒಂದು ನಕ್ಷೆ ತೋರಿಸಿದರು. ಕೆಂಪು ಹಿಂದೂಗಳಿಗೆ, ಹಸಿರು ಮುಸಲ್ಮಾನರಿಗೆ ಎಂಬ ಅರ್ಥ ಆಗ ಅದಕ್ಕಿತ್ತು. ಉಳಿದೆಲ್ಲ ಸಮುದಾಯಗಳಿಗೆ ಬಿಳಿ ಸೇರಿತು. ನಡುವೆ ಚರಕ ಬಂತು. ಹೀಗೆ ಬಣ್ಣ ಹಂಚಿಕೊಂಡರೆ ಪಾಲು ಕೇಳುವವರು ಬರುವುದು ಸಹಜ. ತಮ್ಮ ಬಣ್ಣವೂ ಇರಲಿ ಎಂದು ಸಿಖ್ಖರು ಕೇಳಿದರು.

ಚರ್ಚೆ ಹತ್ತು ವರ್ಷ ನಡೆಯಿತು. 1931ರಲ್ಲಿ ಕಾಂಗ್ರೆಸ್ ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ ಚರಕವಿರುವ ಧ್ವಜವನ್ನು ಒಪ್ಪಿಕೊಂಡಾಗ ಒಂದು ಮಾತನ್ನು ಸ್ಪಷ್ಟವಾಗಿ ಸೇರಿಸಿತು. ಈ ಬಣ್ಣಗಳು ಯಾವ ಕೋಮಿನವೂ ಅಲ್ಲ. ಕೇಸರಿ ಧೈರ್ಯ ಮತ್ತು ತ್ಯಾಗಕ್ಕೆ, ಬಿಳಿ ಸತ್ಯ ಮತ್ತು ಶಾಂತಿಗೆ, ಹಸಿರು ನಂಬಿಕೆ ಮತ್ತು ಸಮೃದ್ಧಿಗೆ. 1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸಿದಾಗ ಚರಕದ ಜಾಗಕ್ಕೆ 24 ಅರಗಳ ಅಶೋಕ ಚಕ್ರ ಬಂತು. ನಮ್ಮ ಪದಕದ ಎರಡು ನೀಲಿ ಮಣಿಗಳಲ್ಲಿ 24 ಅರಗಳನ್ನು ತೋರಿಸಲಾಗದು. ಮಕ್ಕಳ ಕೈಯಲ್ಲಿ ಅವನ್ನು ಒಮ್ಮೆ ಕಾಗದದ ಮೇಲೆ ಬಿಡಿಸಿ ಎಣಿಸಿಸಿದರೆ ಸಾಕು. ನಮ್ಮ ಬಣ್ಣ ಯಾವುದು ಎಂದು ಕೇಳಿದ ಮಗುವಿಗೆ ಮೂರನ್ನೂ ಅದೇ ಪೋಣಿಸಬೇಕು ಎನ್ನುವುದೇ ಉತ್ತರ. ಒಂದು ಬಣ್ಣ ಬಿಟ್ಟರೂ ಪಿನ್ನು ಸಡಿಲವಾಗಿ ಮಣಿ ಅಲುಗಾಡುತ್ತದೆ.

ಧ್ವಜದ ವಿಷಯದಲ್ಲಿ ನಮ್ಮ ಭಾಗಕ್ಕೆ ಇನ್ನೊಂದು ಹೆಮ್ಮೆಯಿದೆ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಮೊತ್ತಮೊದಲನೆಯದು, ಅಂದರೆ 1ನೇ ನಂಬರಿನದು, ರಾಷ್ಟ್ರಧ್ವಜದ ಮಾನಕ. 1951ರಲ್ಲಿ ಬಂದದ್ದು. ಅದರ ಪ್ರಕಾರ ಖಾದಿಯ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತಾ ಬಂದದ್ದು ಶಿರಸಿಯಿಂದ ಬಸ್ಸಿನಲ್ಲಿ ಮೂರು ತಾಸಿನ ದಾರಿಯಲ್ಲಿರುವ ಹುಬ್ಬಳ್ಳಿಯ ಬೆಂಗೇರಿ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕ ಅಲ್ಲಿದೆ. ಧಾರವಾಡ ತಾಲೂಕಿನ ಗರಗ, ಬಾಗಲಕೋಟೆಯ ತುಳಸಿಗೇರಿಯಂಥ ಊರುಗಳಲ್ಲಿ ಧ್ವಜದ ಬಟ್ಟೆ ನೇಯುತ್ತಾರೆ. ಈ ಕೆಲಸದಲ್ಲಿ ಹೆಚ್ಚಿನವರು ಹೆಂಗಸರು. 2021ರ ಕೊನೆಯಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಾಗ ಬೆಂಗೇರಿಯವರು ಬೇಸರದಿಂದ ಪ್ರತಿಭಟಿಸಿದರು. ಬಾವುಟ ಅಗ್ಗವಾಯಿತು, ಮನೆಮನೆಗೆ ತಲುಪಿತು ಎಂಬುದು ನಿಜ. ನೂಲುವ ಕೈಗಳಿಗೆ ಕೆಲಸ ಕಡಿಮೆಯಾಯಿತು ಎಂಬುದೂ ಅಷ್ಟೇ ನಿಜ. ಬಾವುಟವನ್ನು ಯಾರು ಮಾಡಿದರು ಎಂಬ ಪ್ರಶ್ನೆ ಗಾಂಧಿಯ ಕಾಲದಿಂದಲೂ ಬಾವುಟದ ಅರ್ಥದ ಒಂದು ಭಾಗ. ಮಕ್ಕಳು ಕೈಯಾರೆ ಮಣಿ ಪೋಣಿಸುವಾಗ ಗೊತ್ತಿಲ್ಲದೆಯೇ ಆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತಾರೆ.

ಬಾವುಟಕ್ಕೆ ಬೆಲೆ ತೆತ್ತವರು

ಇವತ್ತು ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುವ ಈ ಮೂರು ಬಣ್ಣವನ್ನು ಹಿಡಿದು ನಡೆಯುವುದೇ ಒಂದು ಕಾಲದಲ್ಲಿ ಅಪರಾಧವಾಗಿತ್ತು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಬಾವುಟ ಹಿಡಿದು ಮೆರವಣಿಗೆ ಹೊರಟದ್ದಕ್ಕೆ ಸಾವಿರಕ್ಕೂ ಹೆಚ್ಚು ಜನ ಜೈಲು ಸೇರಿದರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಸ್ವಯಂಸೇವಕರೂ ಅವರಲ್ಲಿದ್ದರು. ಕ್ಷಮೆ ಕೇಳಿ ಬಿಡುಗಡೆಯಾಗಲು ಅವರು ಒಪ್ಪಲಿಲ್ಲ. ಆ ಅನುಭವದಿಂದಲೇ ಅದೇ ವರ್ಷದ ಕೊನೆಗೆ ಹಿಂದೂಸ್ಥಾನಿ ಸೇವಾದಳ ಹುಟ್ಟಿತು. ಸಾಲಾಗಿ ನಿಂತು ಶಿಸ್ತಿನಿಂದ ಧ್ವಜವಂದನೆ ಮಾಡುವ ಕ್ರಮವನ್ನು ಊರೂರಿಗೆ ಕಲಿಸಿದ್ದು ಈ ದಳ. ನಮ್ಮ ಶಾಲೆಗಳ ಅಂಗಳದಲ್ಲಿ ಇವತ್ತು ನಡೆಯುವ ವಂದನೆಯ ಹಿಂದೆ ಹುಬ್ಬಳ್ಳಿಯ ಆ ತರುಣರಿದ್ದಾರೆ.

ಘಟ್ಟದ ಪೂರ್ವಕ್ಕೆ ಮೈಸೂರು ಸಂಸ್ಥಾನದಲ್ಲೂ ಬಾವುಟಕ್ಕೆ ನಿಷೇಧವಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ನಿಷೇಧ ಮುರಿದು ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಅದಾದ ಮೇಲಷ್ಟೇ ಸಂಸ್ಥಾನ ಕಾಂಗ್ರೆಸ್ ಧ್ವಜಕ್ಕೆ ಅವಕಾಶ ಕೊಟ್ಟಿತು.

ಇದರಲ್ಲಿ ಮಕ್ಕಳೂ ಇದ್ದರು. 1942ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಮಹಾದೇವ ಡೋಣಿ ಇನ್ನೂ ಶಾಲೆಗೆ ಹೋಗುವ ಹುಡುಗ. ಅದೇ ವರ್ಷ ನಮಗೆ ಹತ್ತಿರದ ಶಿಕಾರಿಪುರ ತಾಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿಕೊಂಡು, ಇಬ್ಬರು ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಕೇಳಲು ಆಟದಂತಿದೆ. ಆದರೆ ಅದರ ಬೆನ್ನಿಗೇ ನಡೆದ ಘರ್ಷಣೆಯಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತರು, ಊರಿನ ಮೇಲೆ ಪೊಲೀಸರು ಮುಗಿಬಿದ್ದರು, 1943ರ ಮಾರ್ಚ್‌ನಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ಹತ್ತು ಹನ್ನೆರಡರ ವಯಸ್ಸಿನ ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ಗಲ್ಲಿನ ಭಾಗವನ್ನೂ, ಸತ್ತ ಅಧಿಕಾರಿಗಳ ಭಾಗವನ್ನೂ ಬಿಡಬಾರದು. ಇತಿಹಾಸದ ಅರ್ಧ ಹೇಳಿ ಜೈಕಾರ ಹಾಕಿಸುವುದು ಸುಲಭ. ಪೂರ್ತಿ ಹೇಳಿ ಸುಮ್ಮನೆ ಕೂತರೆ ಮಕ್ಕಳೇ ಮುಂದಿನ ಪ್ರಶ್ನೆ ಕೇಳುತ್ತಾರೆ.

ನಮ್ಮ ಸೀಮೆಯಲ್ಲಿ

ಈಗ ಶಿರಸಿ, ಸಿದ್ದಾಪುರಕ್ಕೆ ಬರೋಣ. ಅಂದು ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ನೇರ ಬ್ರಿಟಿಷ್ ಆಡಳಿತ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಅಲ್ಲಿ ತಯಾರಾದ ಮೊದಲ ಉಪ್ಪಿನ ಪೊಟ್ಟಣವನ್ನು ಹರಾಜು ಹಾಕಿದಾಗ ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು. ಆ ಕಾಲದ 30 ರೂಪಾಯಿ! ಕೈಯಾರೆ ಮಾಡಿದ ಒಂದು ಹಿಡಿ ಉಪ್ಪಿಗೆ ಆ ಬೆಲೆ ಬಂದದ್ದು ಉಪ್ಪಿನ ರುಚಿಗಲ್ಲ.

ಮುಂದಿನ ವರ್ಷಗಳಲ್ಲಿ ಚಳವಳಿ ಘಟ್ಟ ಹತ್ತಿತು. ಅಂಕೋಲೆಯ ಜೊತೆಗೆ ಶಿರಸಿ, ಸಿದ್ದಾಪುರಗಳ ರೈತರು ಭೂಕಂದಾಯ ಕೊಡುವುದಿಲ್ಲ ಎಂದರು. ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದ ಬೆಳೆಯ ಬೆಲೆ ಕುಸಿದಿದ್ದ ಹೊತ್ತು ಅದು. ಕರ ಕೊಡದಿದ್ದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗೆಯೇ ಆಯಿತು. ತೋಟ, ಗದ್ದೆ, ಮನೆ ಜಪ್ತಿಯಾದವು. ಕೊಟ್ಟಿಗೆಯ ದನ, ಅಡುಗೆಮನೆಯ ಪಾತ್ರೆ ಅಂಗಳಕ್ಕೆ ಬಂದು ಹರಾಜಾದವು. ಅಡಿಕೆ ತೋಟ ಎಂದರೆ ಒಂದು ವರ್ಷದ ಬೆಳೆಯಲ್ಲ. ಅಜ್ಜ ನೆಟ್ಟಿದ್ದನ್ನು ಮೊಮ್ಮಗ ಕೊಯ್ಯುವ ಬದುಕು. ಅದನ್ನು ಬಿಟ್ಟು ಹೊರನಡೆಯುವುದು ಎಂದರೇನು ಎಂದು ಇವತ್ತಿಗೂ ನಮ್ಮ ಸೀಮೆಯ ಯಾವ ಮನೆಯಲ್ಲಿ ಕೇಳಿದರೂ ಗೊತ್ತಾಗುತ್ತದೆ.

ಹೀಗೆ ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರೂ ಇದ್ದರು. ಅವರು ಹೊರಗಿನವರಷ್ಟೇ ಅಲ್ಲ, ಪರಿಚಯದವರೂ ಹೌದು. 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಅಂಥವರ ಮನೆಯ ಮುಂದೆ ಉಪವಾಸ ಕುಳಿತರು. ಅವರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಮನೆ, ತೋಟ, ನೆಂಟರ ಮನೆ ಬಿಟ್ಟು ಹೊರಗೆ ಕಾಣಿಸಿಕೊಂಡವರಲ್ಲ. ಬೈಗುಳವಿಲ್ಲ, ಕಲ್ಲು ತೂರಾಟವಿಲ್ಲ. ಕೊಂಡವರ ಮನಸ್ಸು ಕರಗಲಿ ಎಂದು ಹಸಿದು ಕೂರುವುದು, ಅಷ್ಟೇ. ಜೋಗಕ್ಕೆ ಹೋಗುವ ದಾರಿಯಲ್ಲಿರುವ ಮಾವಿನಗುಂಡಿಯಲ್ಲಿ ಅವರ ನೆನಪಿಗೆ ಸ್ಮಾರಕವಿದೆ. ಜಲಪಾತ ನೋಡಲು ಹೊರಟ ವಾಹನಗಳು ಅಲ್ಲಿ ನಿಲ್ಲುವುದು ಕಡಿಮೆ.

1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಕಾರವಾರ, ಶಿರಸಿ, ಸಿದ್ದಾಪುರಗಳಿಗೆ ಬಂದರು. ಜಮೀನು ಕಳೆದುಕೊಂಡವರ ಗಾಯ ಇನ್ನೂ ಮಾಯದ ಕಾಲ ಅದು. ಆ ಯಾತ್ರೆಯುದ್ದಕ್ಕೂ ಗಾಂಧೀಜಿ ಸಭೆಗಳಲ್ಲಿ ಹೆಂಗಸರನ್ನು ಒಡವೆ ಕೇಳುತ್ತಿದ್ದರು. ತಮಗೆ ಬಂದ ಉಡುಗೊರೆಯನ್ನು ಅಲ್ಲೇ ಹರಾಜು ಹಾಕುತ್ತಿದ್ದರು. ಅದೇ ಯಾತ್ರೆ ಕೇರಳದ ವಡಗರದಲ್ಲಿದ್ದಾಗ ಹದಿನಾರರ ಹುಡುಗಿ ಕೌಮುದಿ ಬಳೆ, ಸರ, ಓಲೆ ಎಲ್ಲವನ್ನೂ ಬಿಚ್ಚಿ ಕೊಟ್ಟಳು. ಮತ್ತೆಂದೂ ಒಡವೆ ತೊಡುವುದಿಲ್ಲ ಎಂದು ಮಾತು ಕೊಟ್ಟಳು. ಆ ಪ್ರಸಂಗವನ್ನು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಬರೆದರು. ಮೂವತ್ತು ವರ್ಷದ ನಂತರವೂ ಆ ಗಾಳಿ ಪೂರ್ತಿ ಆರಿರಲಿಲ್ಲ. 1962ರಲ್ಲಿ ಚೀನಾ ಯುದ್ಧವಾದಾಗ ದೇಶದ ಹೆಂಗಸರು ರಕ್ಷಣಾ ನಿಧಿಗೆ ಬಳೆ, ಸರ ಬಿಚ್ಚಿ ಕೊಟ್ಟರು.

ಇಲ್ಲಿಯೇ ನಮ್ಮ ಮಣಿಯ ಪದಕ ಒಂದು ಮುಜುಗರದ ಪ್ರಶ್ನೆ ಎತ್ತುತ್ತದೆ. ಆ ತಲೆಮಾರಿಗೆ ದೇಶಪ್ರೇಮವೆಂದರೆ ಒಡವೆ ಕಳಚುವುದು, ಮನೆಯಿಂದ ಪಾತ್ರೆ, ದನ, ತೋಟ ಹೋಗುವುದನ್ನು ನೋಡುತ್ತ ನಿಲ್ಲುವುದು. ನಾವೀಗ ಮಕ್ಕಳಿಗೆ ಕಲಿಸುತ್ತಿರುವುದು ಒಡವೆ ತೊಡುವುದನ್ನು. ಇದು ತಿರುವುಮುರುವಲ್ಲವೇ? ತೋರಿಕೆಗಷ್ಟೇ ಆದರೆ ಹೌದು. ತ್ರಿವರ್ಣದ ಬಳೆ, ತ್ರಿವರ್ಣದ ರಿಬ್ಬನ್ನು, ತ್ರಿವರ್ಣದ ಸೀರೆ, ಒಂದು ಫೋಟೋ, ಅಲ್ಲಿಗೆ ಮುಗಿಯಿತು ಎಂದಾದರೆ ಮಾವಿನಗುಂಡಿಯ ಆ ಹೆಂಗಸರ ಮುಂದೆ ನಮಗೆ ಮುಖವಿಲ್ಲ.

ಆದರೆ ಈ ಪದಕವನ್ನು ಸರಿಯಾಗಿ ನೋಡಿ. ಇದರಲ್ಲಿ ಬಂಗಾರವಿಲ್ಲ, ಜಪ್ತಿ ಮಾಡುವಂಥದ್ದು ಏನೂ ಇಲ್ಲ. ಗಾಜು ಮತ್ತು ಉಕ್ಕು. ಇದ್ದವರ ಮಗಳು, ಇಲ್ಲದವರ ಮಗಳು ಇಬ್ಬರದ್ದೂ ಒಂದೇ ಥರ, ಇಬ್ಬರದ್ದೂ 54 ಮಣಿ. ಯಾರದ್ದು ಚಂದ ಬರುತ್ತದೆ ಎಂಬುದು ಕೈಯ ತಾಳ್ಮೆಗೆ ಬಿಟ್ಟದ್ದು, ಕಿಸೆಗಲ್ಲ. ಅಂಕೋಲೆಯ ಉಪ್ಪಿನ ಹಾಗೆ ಇದಕ್ಕೂ ಬೆಲೆ ಬರುವುದಾದರೆ ಮಾಡಿದ ಕೈಯಿಂದಲೇ ಬರಬೇಕು. ಕಳೆದುಕೊಂಡವರ ಕಥೆಯನ್ನು ಹೇಳುತ್ತ ಪೋಣಿಸಿದರೆ ಇದು ಒಡವೆಯಾಗುವುದಕ್ಕಿಂತ ನೆನಪಾಗುತ್ತದೆ.

ಜಪ್ತಿಯಾದ ಜಮೀನಿನ ಕಥೆಗೆ ಮುಂದಿನ ಭಾಗವೂ ಇದೆ, ಮಕ್ಕಳಿಗೆ ಅದನ್ನೂ ಹೇಳಬೇಕು. 1937ರ ಚುನಾವಣೆಯ ನಂತರ ಮುಂಬಯಿ ಪ್ರಾಂತದಲ್ಲಿ ಬಿ. ಜಿ. ಖೇರರ ಮಂತ್ರಿಮಂಡಲ ಬಂತು. ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸಲು 1938ರಲ್ಲಿ ಕಾನೂನು ಮಾಡಿತು. ಉಪವಾಸ, ಜೈಲು, ಹರಾಜು ಇವೆಲ್ಲದರ ಆಚೆಗೆ ಮತ ಹಾಕುವುದು, ಕಾನೂನು ಮಾಡುವುದು ಎಂಬುದೂ ಇದೆ ಎಂದು ನಮ್ಮ ಸೀಮೆಯ ಜನ ಅಂದು ಕಂಡರು.

ತೊಡುವುದು, ತೆಗೆದಿಡುವುದು

ಇನ್ನು ಕಾನೂನಿನ ಎರಡು ಮಾತು. ಈ ಪದಕ ರಾಷ್ಟ್ರಧ್ವಜವಲ್ಲ, ಅದರ ಬಣ್ಣದ ಒಡವೆ ಮಾತ್ರ. ಆದರೂ ಧ್ವಜಕ್ಕಿರುವ ಮರ್ಯಾದೆಯನ್ನೇ ಇದಕ್ಕೂ ಕೊಟ್ಟರೆ ಮಕ್ಕಳಿಗೆ ಆ ನಿಯಮ ತಾನಾಗಿ ಕಲಿಕೆಯಾಗುತ್ತದೆ. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ ಕಾಯ್ದೆ 1971ರದ್ದು. ಅದಕ್ಕೆ 2005ರಲ್ಲಿ ಆದ ತಿದ್ದುಪಡಿಯ ಪ್ರಕಾರ ಧ್ವಜವನ್ನು ಉಡುಗೆಯ ಭಾಗವಾಗಿ ಸೊಂಟದಿಂದ ಕೆಳಗೆ ಧರಿಸುವಂತಿಲ್ಲ. ಅಮೆರಿಕದ ಮಕ್ಕಳಂತೆ ಬೂಟಿನ ದಾರಕ್ಕೆ ಸಿಕ್ಕಿಸುವುದು ನಮ್ಮಲ್ಲಿ ಬೇಡ. ಎಡಎದೆಯ ಮೇಲೆ, ಕೇಸರಿ ಮೇಲೆ ಬರುವಂತೆ ಚುಚ್ಚಿಕೊಂಡರೆ ಸರಿ. ಜನ ಕೈಯಲ್ಲಿ ಹಿಡಿಯುವ ಕಾಗದದ ಬಾವುಟವನ್ನೂ ಕಾರ್ಯಕ್ರಮ ಮುಗಿದ ಮೇಲೆ ನೆಲಕ್ಕೆ ಎಸೆಯಬಾರದು ಎಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ಪ್ಲಾಸ್ಟಿಕ್ ಬಾವುಟವಂತೂ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ನಿಷೇಧದ ಪಟ್ಟಿಯಲ್ಲೇ ಇದೆ. ಆದರೂ ಅಂಗಡಿಯ ಬಾಗಿಲಲ್ಲಿ ತೂಗುತ್ತದೆ ಎಂಬುದು ಬೇರೆ ಮಾತು.

ಮಣಿಯ ಪದಕದ ದೊಡ್ಡ ಅನುಕೂಲ ಇದೇ. ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ, ಬಿಸಾಡುವ ಪ್ರಮೇಯ ಬರುವುದಿಲ್ಲ. ಜನವರಿ 26ಕ್ಕೆ ಮತ್ತೆ ಹೊರಗೆ ಬರುತ್ತದೆ. ಪಿನ್ನು ತುಕ್ಕು ಹಿಡಿದರೆ ಬಿಚ್ಚಿ, ಅದೇ ಮಣಿಗಳನ್ನು ಹೊಸ ಪಿನ್ನಿಗೆ ಪೋಣಿಸಬಹುದು. ದೊಡ್ಡ ತರಗತಿಗೆ ಹೋದ ಹುಡುಗಿ ತನ್ನದನ್ನು ಬಿಚ್ಚಿ ತಮ್ಮನಿಗೆ ಪೋಣಿಸಲು ಕಲಿಸಬಹುದು. ಆಗ ಆ ತಮ್ಮ ಕೇಳುತ್ತಾನೆ, ಮೊದಲು ಯಾವ ಬಣ್ಣ, ಯಾಕೆ ಅದೇ ಮೊದಲು, ಮಾವಿನಗುಂಡಿ ಎಲ್ಲಿದೆ ಎಂದು. ಉತ್ತರ ಹೇಳಲು ಅಕ್ಕನಿಗೆ ಗೊತ್ತಿರಬೇಕು. ಅಷ್ಟನ್ನು ಅವಳಿಗೆ ಕಲಿಸಿಡುವುದು ನಮ್ಮ ಕೆಲಸ.